ನಾಲ್ವರ ಹೆಸರಿನ ಹಾಡುಗಳು

ಅಮೆರಿಕದ ದಕ್ಷಿಣಕ್ಕೆ, ಜಾರ್ಜಿಯಾ ರಾಜ್ಯದಲ್ಲಿ, ಅಥೆನ್ಸ್ ಎಂಬುದೊಂದು ವಿಶ್ವವಿದ್ಯಾಲಯದ ಊರು. 1980ರ ಏಪ್ರಿಲ್ 5ರ ರಾತ್ರಿ ಅಲ್ಲಿ, ಪ್ರಾರ್ಥನೆ ನಿಂತುಹೋಗಿದ್ದ ಹಳೆಯ ಚರ್ಚೊಂದರಲ್ಲಿ, ಗೆಳತಿಯ ಹುಟ್ಟುಹಬ್ಬಕ್ಕೆಂದು ನಾಲ್ವರು ತರುಣರು ವಾದ್ಯ ಹಿಡಿದು ನಿಂತರು. ಹಾಡಿದವನು ಮೈಕೆಲ್ ಸ್ಟೈಪ್, ಗಿಟಾರ್ ಪೀಟರ್ ಬಕ್‌ನದು, ಬಾಸ್ ಮೈಕ್ ಮಿಲ್ಸ್‌ನದು, ಡ್ರಮ್ಸ್ ಬಿಲ್ ಬೆರ್ರಿಯದು. ಮುಂದೆ ಆರ್.ಇ.ಎಂ. ಎಂದು ಖ್ಯಾತವಾದ ತಂಡ ಹುಟ್ಟಿದ್ದು ಹಾಗೆ. ಯಾರು ಬರೆದರೂ ಯಾರು ರಾಗ ಹಾಕಿದರೂ ಹಾಡು ನಾಲ್ವರದೇ ಎಂದು ಅವರು ಮೊದಲಿಗೇ ನಿಶ್ಚಯಿಸಿದರು. ಕೀರ್ತಿಗೂ ಹಣಕ್ಕೂ ಬ್ಯಾಂಡುಗಳು ಒಡೆದುಹೋಗುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತು.

1981ರಲ್ಲಿ ಹಿಬ್-ಟೋನ್ ಎಂಬ ಪುಟ್ಟ ಕಂಪನಿ ‘ರೇಡಿಯೋ ಫ್ರೀ ಯೂರೋಪ್’ ಹಾಡನ್ನು ಹೊರತಂದಿತು. ಅದನ್ನು ಮುದ್ರಿಸಿಕೊಂಡವನು ಮಿಚ್ ಈಸ್ಟರ್. ಅವನ ಸ್ಟುಡಿಯೋ ಇದ್ದದ್ದು ಹೆತ್ತವರ ಮನೆಯ ಗ್ಯಾರೇಜಿನಲ್ಲಿ. ಮುಂದಿನ ವರ್ಷ ಐ.ಆರ್.ಎಸ್. ಕಂಪನಿ ತಂಡವನ್ನು ಕೈಹಿಡಿಯಿತು. ಮೊದಲ ಪೂರ್ಣ ಆಲ್ಬಂಗೆ ಬೇರೊಬ್ಬ ನಿರ್ಮಾಪಕನನ್ನು ಗೊತ್ತುಮಾಡಿತು. ಅವನು ಒಂದೇ ಹಾಡನ್ನು ಮತ್ತೆಮತ್ತೆ ನುಡಿಸಿ ದಣಿಸಿದ, ಮೇಲೆ ಸಿಂಥಸೈಜರ್ ಹಚ್ಚಿದ. ತಂಡ ಒಪ್ಪಲಿಲ್ಲ. ಈಸ್ಟರ್ ಮರಳಿ ಬಂದ, ಜೊತೆಗೆ ಡಾನ್ ಡಿಕ್ಸನ್. 1983ರ ‘ಮರ್ಮರ್’ ಆ ಹಟದ ಫಲ.

ಅದನ್ನು ಕೇಳಿದವರು ಬೆರಗಾದರು. ಸ್ಟೈಪ್‌ನ ದನಿ ಮುಂದೆ ಬಂದು ನಿಲ್ಲದೆ ವಾದ್ಯಗಳ ನಡುವೆಯೇ ಹರಿಯುತ್ತಿತ್ತು. ಪದಗಳು ಅರ್ಧ ತಿಳಿಯುತ್ತಿದ್ದವು, ಭಾವ ಪೂರ್ತಿ ತಟ್ಟುತ್ತಿತ್ತು. ಸಾಹಿತ್ಯವನ್ನು ಹೊದಿಕೆಯ ಮೇಲೆ ಅಚ್ಚು ಹಾಕಿಸಿರಲಿಲ್ಲ. ತಂಡದ ಆಲ್ಬಮ್ಮೊಂದರ ಎಲ್ಲ ಹಾಡುಗಳ ಸಾಹಿತ್ಯ ಮೊದಲು ಮುದ್ರಣ ಕಂಡದ್ದು 1998ರ ‘ಅಪ್’ನಲ್ಲೇ. ಮೈಕೆಲ್ ಜಾಕ್ಸನ್‌ನ ‘ಥ್ರಿಲರ್’ ಲೋಕವನ್ನೇ ಆಳುತ್ತಿದ್ದ 1983ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ‘ಮರ್ಮರ್’ ಅನ್ನೇ ವರ್ಷದ ಆಲ್ಬಂ ಎಂದು ಆರಿಸಿದರು. ಆ ತೀರ್ಪು ಸರಿಯಾದದ್ದೇ.

ಅಲ್ಲಿಂದ ವರ್ಷಕ್ಕೊಂದರಂತೆ ಆಲ್ಬಂಗಳು ಬಂದವು. 1987ರ ‘ಡಾಕ್ಯುಮೆಂಟ್’ ಅವರನ್ನು ಕಾಲೇಜು ರೇಡಿಯೋದ ಆಚೆಗೆ ದಾಟಿಸಿತು. 1988ರಲ್ಲಿ ಅವರು ವಾರ್ನರ್ ಕಂಪನಿ ಸೇರಿದರು. ಅಲ್ಲಿಂದ ಬಂದ ಮೊದಲ ಆಲ್ಬಂ ‘ಗ್ರೀನ್’, ಅಮೆರಿಕ ಹೊಸ ಅಧ್ಯಕ್ಷನಿಗೆ ಮತ ಹಾಕಿದ ದಿನವೇ ಬಿಡುಗಡೆಯಾಯಿತು. ಬಳಿಕ ಪ್ರವಾಸವನ್ನೇ ನಿಲ್ಲಿಸಿ ಎರಡು ಆಲ್ಬಂ ಮಾಡಿದರು. 1991ರ ‘ಔಟ್ ಆಫ್ ಟೈಮ್’ನಲ್ಲಿ ಬಕ್ ಗಿಟಾರ್ ಬಿಟ್ಟು ಮ್ಯಾಂಡೊಲಿನ್ ಹಿಡಿದ. ಅದರಿಂದ ಹೊರಟ ‘ಲೂಸಿಂಗ್ ಮೈ ರಿಲಿಜನ್’ ಜಗತ್ತನ್ನು ಸುತ್ತಿತು. ಆ ಹಾಡಿನ ಚಿತ್ರವನ್ನು ನಿರ್ದೇಶಿಸಿದವರು ಜಲಂಧರದಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. 1992ರ ‘ಆಟೊಮ್ಯಾಟಿಕ್ ಫಾರ್ ದಿ ಪೀಪಲ್’ ಸಾವನ್ನೂ ಅಗಲಿಕೆಯನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿತು. ರಾಕ್ ಸಂಗೀತದಲ್ಲಿ ಅದಕ್ಕೆ ಸಮನಾದ ಶೋಕಗೀತೆಗಳು ವಿರಳ.

ತಂಡ ಮತ್ತೆ ಪ್ರವಾಸ ಹೊರಟಿದ್ದಾಗ, 1995ರ ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ, ಕಛೇರಿಯ ನಡುವೆ, ಬೆರ್ರಿಯ ಮಿದುಳಿನ ರಕ್ತನಾಳ ಒಡೆಯಿತು. ಅವನು ಚೇತರಿಸಿಕೊಂಡ, ಮತ್ತೊಂದು ಆಲ್ಬಂಗೂ ನುಡಿಸಿದ. ಆದರೆ 1997ರಲ್ಲಿ ತಂಡ ಬಿಟ್ಟು ಬೇಸಾಯಕ್ಕೆ ಹೊರಟ. ಉಳಿದ ಮೂವರು ಐದು ಆಲ್ಬಂ ಮಾಡಿದರು. ಅವುಗಳಲ್ಲಿ ಸೊಗಸಾದ ಹಾಡುಗಳಿವೆ, ಆದರೂ ನಾಲ್ಕನೆಯವನ ಜಾಗ ತುಂಬಲಿಲ್ಲ. 2011ರ ಸೆಪ್ಟೆಂಬರ್ 21ರಂದು, ಜಗಳವಿಲ್ಲದೆ, ತಂಡವನ್ನು ಮುಗಿಸಿದರು.

ಹೊಸದಾಗಿ ಕೇಳಹೊರಟವರು ಆಯ್ದ ಹಾಡುಗಳ ಸಂಕಲನಕ್ಕೆ ಕೈಹಾಕಬೇಡಿ. ಬೆರ್ರಿ ನುಡಿಸಿದ ಹತ್ತು ಆಲ್ಬಂಗಳನ್ನು ‘ಮರ್ಮರ್’ನಿಂದ ತೊಡಗಿ ಕ್ರಮವಾಗಿ ಕೇಳಿ.