ಮಲೆಯಂಚಿನ ಮಳೆ ಮತ್ತು ಹೊಯ್ಸಳರ ಕೆರೆಗಳು

ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಸಕಲೇಶಪುರ ಸೀಮೆಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯು ಬೇಲೂರಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿದು, ಹಳೇಬೀಡನ್ನು ದಾಟಿ ಅರಸೀಕೆರೆಯನ್ನು ಮುಟ್ಟುವ ಹೊತ್ತಿಗೆ ಸುಮಾರು 700 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ನೈಋತ್ಯದ ಗಾಳಿಯು ಪಶ್ಚಿಮ ಘಟ್ಟವನ್ನು ಏರುತ್ತ ತಣ್ಣಗಾಗಿ, ಅದರಲ್ಲಿನ ಆವಿ ಮೋಡಗಟ್ಟಿ ಬಹುಪಾಲು ಅಲ್ಲಿಯೇ ಸುರಿದುಹೋಗುತ್ತದೆ. ಪೂರ್ವದ ಇಳಿಜಾರಿನಲ್ಲಿ ಇಳಿಯುವ ಗಾಳಿ ಮತ್ತೆ ಬಿಸಿಯಾಗುವುದರಿಂದ ಉಳಿದ ಮೋಡವೂ ಚದುರುತ್ತದೆ. ಹೀಗೆ ಬೆಟ್ಟದ ಮರೆಗೆ ಸಿಕ್ಕಿ ಮಳೆ ಕಡಿಮೆಯಾದ ನೆಲವನ್ನು ಮಳೆನೆರಳಿನ ಪ್ರದೇಶವೆನ್ನುತ್ತಾರೆ. ಅರಸೀಕೆರೆಗಾದರೋ ಘಟ್ಟದ ಜೊತೆಗೆ, 1,900 ಮೀಟರಿಗೂ ಎತ್ತರದ ಮುಳ್ಳಯ್ಯನಗಿರಿಯನ್ನೊಳಗೊಂಡ ಬಾಬಾಬುಡನ್ ಗಿರಿಸಾಲೂ ಪಶ್ಚಿಮಕ್ಕೆ ಅಡ್ಡ ನಿಂತಿದೆ. ಪುಷ್ಯ, ಆಶ್ಲೇಷಾ ಮಳೆಗಳು ಮಲೆನಾಡಿನಲ್ಲಿ ಜಡಿ ಹಿಡಿದಿರುವಾಗ ಇಲ್ಲಿನ ರಾಗಿ ಹೊಲಕ್ಕೆ ಸಿಗುವುದು ತುಂತುರು ಮಾತ್ರ. ಕೆರೆ ತುಂಬಿಸುವ ಮಳೆ ಮುಂಗಾರಿನ ಕೊನೆಗೆ, ಗುಡುಗು ಸಿಡಿಲಿನೊಡನೆ, ಕೆಲವೇ ಸಂಜೆಗಳಲ್ಲಿ ಬಂದುಹೋಗುತ್ತದೆ.

ಹೊಯ್ಸಳರ ಇತಿಹಾಸವನ್ನು ಈ ಮಳೆಯ ಇಳಿಜಾರಿನ ಮೇಲಿಟ್ಟು ಓದಬೇಕು. ಮೂಡಿಗೆರೆ ಸೀಮೆಯ ಸೊಸೆವೂರಿನಲ್ಲಿ, ಅಂದರೆ ಇಂದಿನ ಅಂಗಡಿಯಲ್ಲಿ, ಮಲೆಯ ನಾಯಕರಾಗಿ ತಲೆಯೆತ್ತಿ ‘ಮಲೆಪರೊಳ್ಗಂಡ’ ಎಂಬ ಬಿರುದನ್ನು ಕೊನೆಯವರೆಗೂ ಧರಿಸಿದ ಈ ಮನೆತನವು ಬೇಲೂರಿಗೂ ಅಲ್ಲಿಂದ ದೋರಸಮುದ್ರಕ್ಕೂ, ಅಂದರೆ ಇಂದಿನ ಹಳೇಬೀಡಿಗೂ, ಇಳಿದು ಬಂದಂತೆಲ್ಲ ವಿಶಾಲವಾದ ಬಯಲು ದೊರೆಯಿತು, ಆದರೆ ಮಳೆಯ ನೆಚ್ಚಿಕೆ ತಪ್ಪಿತು. ವಿಷ್ಣುವರ್ಧನನು 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಬೇಲೂರಿಗೆ ಬಾಬಾಬುಡನ್ ಗಿರಿಯ ಮಳೆನೀರನ್ನು ತರುವ ಯಗಚಿ ಹೊಳೆಯಿತ್ತು. ಅಂಥ ಹೊಳೆ ಪಕ್ಕದಲ್ಲಿಲ್ಲದ ದೋರಸಮುದ್ರಕ್ಕೆ ದೊಡ್ಡ ಕೆರೆಯೇ ಆಧಾರ. ಇನ್ನೂ ಪೂರ್ವದ ಅರಸೀಕೆರೆ, 1220ರ ಈಶ್ವರ ದೇವಾಲಯವೇ ಸಾರುವಂತೆ, ಆ ಹೊತ್ತಿಗೆ ಸಿರಿವಂತ ಪಟ್ಟಣವಾಗಿತ್ತು. ಈ ದೇವಾಲಯಗಳ ಶಿಲ್ಪದ ಬಗ್ಗೆ ಬರೆದವರು ಅವುಗಳಿಗೆ ಅನ್ನವಿಕ್ಕಿದ ಕೆರೆಗಳ ಬಗ್ಗೆ ಅಷ್ಟು ಬರೆದಿಲ್ಲವೆಂಬುದು ನಿಜಕ್ಕೂ ದೊಡ್ಡ ಕೊರತೆ.

ಆ ಕೆರೆಗಳ ರಚನೆಯಲ್ಲಿ ಬಯಲಿನ ಮಳೆಯ ಸ್ವಭಾವ ಎದ್ದು ಕಾಣುತ್ತದೆ. ಒಂದೇ ಸಂಜೆ ರಭಸವಾಗಿ ಬರುವ ನೀರಿಗೆ ಕೊಚ್ಚಿಹೋಗದಂತೆ ಮಣ್ಣಿನ ಏರಿಗೆ ಒಳಮೈಯಲ್ಲಿ ಕಲ್ಲು ಕಟ್ಟುತ್ತಿದ್ದರು. ಹೆಚ್ಚಾದ ನೀರು ಕೋಡಿ ಬಿದ್ದು ಕೆಳಗಿನ ಕೆರೆಗೆ ಹರಿಯುವಂತೆ ಒಂದರ ಕೆಳಗೊಂದು ಕೆರೆ ಕಟ್ಟುತ್ತಿದ್ದರು. ನೀರಿನೊಳಗೆ ನೆಟ್ಟ ಎರಡು ಕಲ್ಲುಕಂಬಗಳ ನಡುವೆ ಬೆಣೆಯನ್ನೆತ್ತಿ ಇಳಿಸುವ ತೂಬಿನಿಂದ ಅಚ್ಚುಕಟ್ಟಿನ ಗದ್ದೆಗಳಿಗೆ ಅಳತೆಯಲ್ಲಿ ನೀರು ಬಿಡುತ್ತಿದ್ದರು. ಕೆರೆ ಕಟ್ಟಿಸಿದವರಿಗೂ ಅದನ್ನು ಕಾಪಾಡುವವರಿಗೂ ಬಿಟ್ಟುಕೊಡುವ ಭೂಮಿಯನ್ನೋ ಬೆಳೆಯ ಪಾಲನ್ನೋ ಶಾಸನಗಳು ಬಿತ್ತುವಟ್ಟವೆಂದು ಕರೆಯುತ್ತವೆ. ವರ್ಷವರ್ಷವೂ ಹೂಳೆತ್ತುವ ಕೆಲಸ ನಡೆಯುತ್ತಿದ್ದುದು ಇಂಥ ಏರ್ಪಾಡುಗಳ ಬಲದಿಂದ.

1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲ್ಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂತು. ಆ ಶತಮಾನದ ನಡುವಿಗೆ ಹೊಯ್ಸಳರ ಆಳ್ವಿಕೆಯೇ ಮುಗಿಯಿತು. ಕೆರೆಗಳು ಉಳಿದವು. ಇಂದು ಅರಸೀಕೆರೆಯ ತೆಂಗಿನ ತೋಟಗಳು ನೆಚ್ಚಿರುವ ಕೊಳವೆ ಬಾವಿಗಳಿಗೂ ಕೆರೆಗಳಿಂದ ಇಂಗುವ ನೀರೇ ಆಸರೆ. ಸಕಲೇಶಪುರದ ಘಟ್ಟದಲ್ಲಿ ಪಶ್ಚಿಮಕ್ಕೆ ಹರಿದುಹೋಗುವ ಹಳ್ಳಗಳ ನೀರನ್ನು ಪಂಪುಗಳಿಂದ ಎತ್ತಿ ಪೂರ್ವದ ಬಯಲಿಗೆ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಈ ನೀರೂ ಮಳೆಗಾಲದಲ್ಲಷ್ಟೇ ಸಿಗುವಂಥದ್ದು. ಬೇಸಿಗೆಯವರೆಗೆ ಅದನ್ನು ಹಿಡಿದಿಡಬೇಕಾದರೆ ಬಯಲಿನ ಹಳೆಯ ಕೆರೆಗಳ ಹೂಳೆತ್ತಿ, ಅವುಗಳ ಏರಿ, ತೂಬುಗಳನ್ನು ಮತ್ತೆ ಗಟ್ಟಿಮಾಡಲೇಬೇಕು.