ಇಯರ್‌ಫೋನ್ ಹಾಕಿಕೊಂಡು ಮಾತಾಡಿದರೆ ದಂಡ ಇಲ್ಲ, ಅಪಾಯವೂ ಇಲ್ಲವೇ?

"ಇನ್ನು ಮುಂದೆ ಗಾಡಿ ಓಡಿಸುತ್ತಾ ಫೋನಿನಲ್ಲಿ ಮಾತಾಡುವುದು ಅಪರಾಧವಲ್ಲ. ಟ್ರಾಫಿಕ್ ಪೊಲೀಸರು ದಂಡ ಹಾಕಿದರೆ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಎಲ್ಲರಿಗೂ ತಲುಪಿಸಿ." ಇಂಥ ಒಕ್ಕಣೆಯ ಸಂದೇಶ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ತಲೆ ಎತ್ತುತ್ತದೆ. ಕೆಲವು ತಿಂಗಳು ಸುಮ್ಮನಿದ್ದು, ಎಲ್ಲೋ ದಂಡದ ಸುದ್ದಿ ಬಂದ ಕೂಡಲೇ ಮತ್ತೆ ಓಡಾಡಲು ಶುರು ಮಾಡುತ್ತದೆ. ಇದು ಪೂರ್ತಿ ಸುಳ್ಳಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಆದರೆ ಇದರಲ್ಲಿ ಅರ್ಧ ನಿಜ ಇದೆ.

ಆ ಅರ್ಧ ನಿಜ ಯಾವುದು?

ವಾಹನ ಓಡಿಸುವಾಗ ಫೋನ್ ಬಳಸುವುದನ್ನು ಸರ್ಕಾರ ನಿಷೇಧಿಸಬೇಕೇ ಎಂಬ ಚರ್ಚೆ ಇನ್ನೂ ನಡೆಯುತ್ತದೆ. ನಮ್ಮಲ್ಲಿ ನಿಷೇಧ ಆಗಲೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಗೆ ಸಂಬಂಧಿಸಿದ್ದು. 2019ರ ತಿದ್ದುಪಡಿಯಲ್ಲಿ ಯಾವ್ಯಾವುದನ್ನು ಅಪಾಯಕಾರಿ ಚಾಲನೆ ಎನ್ನಬಹುದು ಎಂಬ ವಿವರಣೆ ಸೇರಿತು. ಕೆಂಪು ದೀಪ ದಾಟುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು, ಇವುಗಳ ಸಾಲಿನಲ್ಲೇ "ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ"ದ ಬಳಕೆಯೂ ಬಂತು. ಮೊದಲ ಸಲ ಸಿಕ್ಕಿಬಿದ್ದರೆ 1,000ದಿಂದ 5,000 ರೂಪಾಯಿ ದಂಡ, ಅಥವಾ 6 ತಿಂಗಳಿಂದ 1 ವರ್ಷದ ಜೈಲು, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ದಂಡ 10,000 ರೂಪಾಯಿ, ಜೈಲು 2 ವರ್ಷದವರೆಗೆ. ಸ್ಥಳದಲ್ಲೇ ಕಟ್ಟುವ ದಂಡ ಎಷ್ಟು ಎಂಬುದನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. ಹಾಗಾಗಿ ಫಾರ್ವರ್ಡ್‌ಗಳಲ್ಲಿ ಕಾಣುವ 5,000 ಎಂಬ ಅಂಕಿ ಕಾಯ್ದೆಯ ಗರಿಷ್ಠ ಮಿತಿಯೇ ಹೊರತು ಎಲ್ಲರಿಗೂ ಬೀಳುವ ಮೊತ್ತವಲ್ಲ.

ಇಲ್ಲಿ ಗಮನಿಸಬೇಕಾದ ಮಾತು "ಕೈಯಲ್ಲಿ ಹಿಡಿಯುವ". ಬ್ಲೂಟೂತ್, ಇಯರ್‌ಫೋನ್, ಕಾರಿನ ಸ್ಪೀಕರ್ ಮೂಲಕ ಮಾತಾಡುವುದು ಈ ಪದಗಳ ವ್ಯಾಪ್ತಿಗೆ ನೇರವಾಗಿ ಬರುವುದಿಲ್ಲ. ಹ್ಯಾಂಡ್ಸ್‌ಫ್ರೀ ಬಳಕೆಗೆ ಈ ಕಲಂ ಅಡಿ ದಂಡ ಇಲ್ಲ ಎಂದು ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವೂ ಲೋಕಸಭೆಯಲ್ಲಿ ಉತ್ತರ ಕೊಟ್ಟಿದೆ. 2022ರ ಫೆಬ್ರುವರಿಯಲ್ಲಿ ಸಚಿವ ನಿತಿನ್ ಗಡ್ಕರಿ ಇದೇ ಅರ್ಥದ ಮಾತಾಡಿದರು ಎಂಬ ವರದಿ ಬಂದ ಮೇಲೆ ಫಾರ್ವರ್ಡ್‌ಗೆ ರೆಕ್ಕೆ ಬಂತು. ಹಾರುವ ಭರದಲ್ಲಿ "ಹ್ಯಾಂಡ್ಸ್‌ಫ್ರೀ ಇದ್ದರೆ ಮಾತ್ರ" ಎಂಬ ಭಾಗ ದಾರಿಯಲ್ಲೇ ಉದುರಿತು.

ಮ್ಯಾಪ್ ನೋಡುವ ವಿಷಯಕ್ಕೂ ಒಂದು ನಿಯಮ ಇದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಚಾಲನೆಯಲ್ಲಿ ಫೋನನ್ನು ದಾರಿ ಹುಡುಕಲು ಮಾತ್ರ ಬಳಸಬಹುದು, ಅದೂ ಚಾಲಕನ ಗಮನ ಕೆಡದ ರೀತಿಯಲ್ಲಿ. ಸ್ಟ್ಯಾಂಡಿಗೆ ಸಿಕ್ಕಿಸಿಟ್ಟ ಫೋನಿನಲ್ಲಿ ಮ್ಯಾಪ್ ಓಡುತ್ತಿದ್ದರೆ ಸರಿ. ಅದೇ ಫೋನಿನಲ್ಲಿ ಐಪಿಎಲ್ ಸ್ಕೋರ್ ಓಡುತ್ತಿದ್ದರೆ ಸರಿಯಲ್ಲ.

ಫಾರ್ವರ್ಡ್ ಮಾಡುವವರು ಎಂದೂ ಹೇಳದ ಇನ್ನೊಂದು ವಿಷಯ ಲೈಸೆನ್ಸಿನದು. ಕೇಂದ್ರ ಮೋಟಾರು ವಾಹನ ನಿಯಮಗಳ 21ನೇ ನಿಯಮದಲ್ಲಿ, ಲೈಸೆನ್ಸ್ ಅಮಾನತಿಗೆ ಕಾರಣವಾಗುವ ಕೃತ್ಯಗಳ ಪಟ್ಟಿ ಇದೆ. ವಾಹನ ಓಡಿಸುತ್ತಾ ಮೊಬೈಲ್ ಬಳಸುವುದು ಅದರಲ್ಲಿ ಸೇರಿದೆ. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರ ಆಗಸ್ಟ್‌ನಲ್ಲೇ ಎಲ್ಲ ರಾಜ್ಯಗಳಿಗೆ ಸೂಚನೆ ಕೊಟ್ಟು, ಹೀಗೆ ಸಿಕ್ಕಿಬಿದ್ದವರ ಲೈಸೆನ್ಸನ್ನು ಕನಿಷ್ಠ 3 ತಿಂಗಳು ಅಮಾನತು ಮಾಡುವಂತೆ ಹೇಳಿತ್ತು. ದಂಡ ಕಟ್ಟಿ ಕೈತೊಳೆದುಕೊಳ್ಳುವುದಕ್ಕಿಂತ ಇದು ದುಬಾರಿ. ಆಟೋ, ಟಂಟಂ, ಲಾರಿ ಓಡಿಸಿ ಬದುಕುವವರಿಗಂತೂ ಮೂರು ತಿಂಗಳ ಅಮಾನತು ಎಂದರೆ ಮೂರು ತಿಂಗಳ ಗಳಿಕೆ ಹೋದಂತೆ.

ದಂಡ ಇಲ್ಲ ಎಂದರೆ ಅಪಾಯ ಇಲ್ಲ ಎಂದಲ್ಲವೇ?

ಅಲ್ಲ. ಕೈ ಖಾಲಿ ಇದ್ದರೂ ತಲೆ ಖಾಲಿ ಇರುವುದಿಲ್ಲ.

1997ರಲ್ಲಿ ಕೆನಡಾದ ಟೊರಾಂಟೋದ ಇಬ್ಬರು ಸಂಶೋಧಕರು, ಫೋನ್ ಇದ್ದು ಅಪಘಾತಕ್ಕೆ ಸಿಕ್ಕ 699 ಚಾಲಕರ ಕರೆ ದಾಖಲೆಗಳನ್ನು ತೆಗೆದು ನೋಡಿದರು. ಅಪಘಾತಕ್ಕೆ ಮುಂಚಿನ ಕೆಲವು ನಿಮಿಷಗಳನ್ನು, ಅದೇ ಚಾಲಕ ಹಿಂದಿನ ದಿನ ಅದೇ ಹೊತ್ತಿನಲ್ಲಿ ಏನು ಮಾಡುತ್ತಿದ್ದ ಎಂಬುದರ ಜೊತೆ ಹೋಲಿಸಿದರು. ಕರೆಯಲ್ಲಿದ್ದಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದ 456 ಚಾಲಕರನ್ನು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದ ವರದಿಯಲ್ಲೂ ಹೆಚ್ಚುಕಡಿಮೆ ಅದೇ ನಾಲ್ಕು ಪಟ್ಟು. ಎರಡೂ ಕಡೆ ಹ್ಯಾಂಡ್ಸ್‌ಫ್ರೀ ಬಳಸಿದವರು ಹೆಚ್ಚು ಸುರಕ್ಷಿತರು ಎಂದು ಕಂಡುಬರಲಿಲ್ಲ.

ಕಾರಣ ಕಣ್ಣಿನಲ್ಲಿಲ್ಲ, ಮಿದುಳಿನಲ್ಲಿದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ತಂಡ ಕೃತಕ ಚಾಲನಾ ಯಂತ್ರದಲ್ಲಿ ಕೂರಿಸಿ ಜನರನ್ನು ಪರೀಕ್ಷಿಸಿತು. ಹ್ಯಾಂಡ್ಸ್‌ಫ್ರೀಯಲ್ಲಿ ಮಾತಾಡುತ್ತಿದ್ದವರ ದೃಷ್ಟಿ ರಸ್ತೆಬದಿಯ ಫಲಕದ ಮೇಲೆಯೇ ಬಿದ್ದಿತ್ತು. ಆಮೇಲೆ ಕೇಳಿದಾಗ ಆ ಫಲಕ ನೋಡಿದ ನೆನಪೇ ಅವರಿಗೆ ಸರಿಯಾಗಿ ಇರಲಿಲ್ಲ. ಕಣ್ಣು ನೋಡಿತ್ತು, ತಲೆಗೆ ಹೋಗಿರಲಿಲ್ಲ. ಬಿಆರ್‌ಟಿಎಸ್ ರಸ್ತೆಯಲ್ಲಿ ಇದರ ಅರ್ಥ ಏನು ಯೋಚಿಸಿ. ಚಿಗರಿ ಬಸ್ಸಿನ ನಿಲ್ದಾಣಗಳು ರಸ್ತೆಯ ನಟ್ಟನಡುವೆ ಇವೆ. ಉಣಕಲ್, ನವನಗರ, ಸತ್ತೂರು ಎಲ್ಲಿಯೇ ಆಗಲಿ, ಬಸ್ ಹಿಡಿಯಲು ಜನ ಬೇರೆ ವಾಹನಗಳ ಸಾಲು ದಾಟಿಯೇ ನಡುವಿಗೆ ಹೋಗಬೇಕು. ಮಾತಿನಲ್ಲಿ ಮುಳುಗಿದ ಸವಾರನ ಕಣ್ಣಿಗೆ ಕಾಲೇಜಿನ ಹುಡುಗಿ ದಾಟುತ್ತಿರುವುದು ಕಂಡಿರುತ್ತದೆ. ಬ್ರೇಕ್ ಒತ್ತಬೇಕು ಎಂಬ ಆಜ್ಞೆ ಮಾತ್ರ ತಡವಾಗಿ ಬರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡ್ ತಡ ಎಂದರೆ 11 ಮೀಟರ್.

"ಪಕ್ಕದಲ್ಲಿ ಕೂತವರ ಜೊತೆ ಮಾತಾಡುವುದಿಲ್ಲವೇ, ಅದನ್ನೂ ನಿಷೇಧಿಸುತ್ತೀರಾ?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆಯೇ. ಪಕ್ಕದಲ್ಲಿ ಕೂತವರಿಗೂ ರಸ್ತೆ ಕಾಣುತ್ತದೆ. ಚೆನ್ನಮ್ಮ ಸರ್ಕಲ್ ಬಂದಾಗ ಅವರು ತಾವಾಗಿಯೇ ಮಾತು ನಿಲ್ಲಿಸುತ್ತಾರೆ, "ಏ, ಬಸ್ ಬಂತ್ ನೋಡು" ಎಂದು ಎಚ್ಚರಿಸುತ್ತಾರೆ. ಬೆಳಗಾವಿಯಿಂದ ಫೋನ್ ಮಾಡಿದ ಮಾವನಿಗೆ ನಿಮ್ಮ ಮುಂದೆ ಎತ್ತಿನ ಗಾಡಿ ಇದೆಯೋ ಲಾರಿ ಇದೆಯೋ ಗೊತ್ತಿಲ್ಲ. ಅವರು ಹೊಲದ ಪಾಲಿನ ವಿಷಯ ಬಿಡುವುದಿಲ್ಲ. ಯೂಟಾದ ತಂಡವೇ ಇದನ್ನೂ ಪರೀಕ್ಷಿಸಿತ್ತು. ಸಹಪ್ರಯಾಣಿಕರ ಮಾತು ದಟ್ಟಣೆಗೆ ತಕ್ಕಂತೆ ಬದಲಾಗುತ್ತದೆ, ಫೋನಿನ ಮಾತು ಬದಲಾಗುವುದಿಲ್ಲ.

ಇನ್ನೂ ಒಂದು ಅಧ್ಯಯನ ಹೇಳಲೇಬೇಕು, ಏಕೆಂದರೆ "ನನಗೆ ಎರಡೂ ಒಟ್ಟಿಗೆ ಮಾಡಲು ಬರುತ್ತದೆ" ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. 2010ರಲ್ಲಿ 200 ಜನರನ್ನು ಪರೀಕ್ಷಿಸಿದಾಗ, ಎರಡೂ ಕೆಲಸ ಒಟ್ಟಿಗೆ ಮಾಡಿಯೂ ಯಾವುದರಲ್ಲೂ ಹಿಂದೆ ಬೀಳದವರು 5 ಮಂದಿ ಸಿಕ್ಕರು. ಉಳಿದ 195 ಮಂದಿಯಲ್ಲಿ ಎಷ್ಟು ಜನ ತಾವೇ ಆ ಐವರಲ್ಲಿ ಒಬ್ಬರು ಎಂದುಕೊಂಡಿದ್ದರೋ!

ಹಾಗಾದರೆ ಕೈಯಲ್ಲಿ ಹಿಡಿಯುವುದು, ಹಿಡಿಯದಿರುವುದು ಎರಡೂ ಒಂದೇ?

ಅದೂ ಅಲ್ಲ. ಅತಿ ಹೆಚ್ಚು ಅಪಾಯ ಇರುವುದು ಕಣ್ಣು ರಸ್ತೆಯಿಂದ ಪರದೆಗೆ ಜಾರುವಾಗ. ಅಮೆರಿಕದ ವರ್ಜೀನಿಯಾದಲ್ಲಿ ಲಾರಿಗಳಿಗೆ ಕ್ಯಾಮೆರಾ ಅಳವಡಿಸಿ ನಡೆಸಿದ ಅಧ್ಯಯನದ ಫಲಿತಾಂಶ 2009ರಲ್ಲಿ ಬಂತು. ಮೆಸೇಜ್ ಟೈಪ್ ಮಾಡುವಾಗ ಅಪಘಾತದ ಅಥವಾ ಅಪಘಾತದ ಅಂಚಿಗೆ ಹೋಗುವ ಸಂಭವ 23 ಪಟ್ಟು ಇತ್ತು. ಆರು ಸೆಕೆಂಡಿನಲ್ಲಿ 4.6 ಸೆಕೆಂಡ್ ಚಾಲಕನ ಕಣ್ಣು ರಸ್ತೆ ಬಿಟ್ಟು ಬೇರೆಡೆ ಇತ್ತು. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ 80 ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ ಅದು ಸುಮಾರು 100 ಮೀಟರ್ ದೂರ. ಅಷ್ಟು ದೂರ ಕಣ್ಣು ಮುಚ್ಚಿ ಓಡಿಸಿದಂತೆ.

ಬರೀ ಮಾತಾಡುವುದರ ಅಪಾಯ ಎಷ್ಟು ಎಂಬುದರಲ್ಲಿ ಸಂಶೋಧಕರಲ್ಲೇ ಭಿನ್ನಮತ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ 9 ಗಂಟೆಯ ನಂತರ ಕರೆ ಅಗ್ಗವಾಗುತ್ತಿದ್ದ ಕಾಲದ ದಾಖಲೆ ನೋಡಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಆ ಹೊತ್ತಿಗೆ ಚಾಲಕರ ಕರೆಗಳು ಏರಿದರೂ ಅಪಘಾತ ಏರಲಿಲ್ಲ ಎಂದು ಅದು ಹೇಳಿತು. ಕೆಲವರು ಮಾತಾಡುವಾಗ ನಿಧಾನವಾಗಿ ಓಡಿಸುತ್ತಾರೆ ಎಂಬುದು ಒಂದು ಸಂಭವನೀಯ ಕಾರಣ. ನಾವು ಇದನ್ನು ಓದಿಕೊಳ್ಳುವುದು ಹೀಗೆ: ಕಾನೂನು ಮೊದಲು ಕೈ ಮತ್ತು ಕಣ್ಣಿನ ಮೇಲೆ ಗುರಿ ಇಟ್ಟಿದ್ದು ತಪ್ಪಲ್ಲ. ಆದರೆ ಇಯರ್‌ಫೋನ್ ಸುರಕ್ಷಾ ಸಾಧನ ಎಂದು ಭಾವಿಸುವುದು ತಪ್ಪು. ಹೆಲ್ಮೆಟ್ಟಿನೊಳಗೆ ಕಿವಿಗೆ ಫೋನ್ ತುರುಕಿಕೊಳ್ಳುವ ನಮ್ಮೂರಿನ ಜಾಣತನಕ್ಕೆ ಯಾವ ಅಧ್ಯಯನವೂ ಬೇಕಿಲ್ಲ. ಅದು ಜಾರಿದಾಗ ಕೈ ಎಲ್ಲಿಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು.

ಲೆಕ್ಕದಲ್ಲಿ ಕಾಣದ ಫೋನ್

ಕೇಂದ್ರ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಮೊಬೈಲ್ ಬಳಕೆಯಿಂದ ಎಂದು ದಾಖಲಾದದ್ದು 3,395. ನೂರಕ್ಕೆ ಎರಡು. ನೂರಕ್ಕೆ ಎಪ್ಪತ್ತರಷ್ಟು ಸಾವು ಅತಿವೇಗದ ಖಾತೆಯಲ್ಲಿವೆ. "ನೋಡಿ, ಫೋನ್ ದೊಡ್ಡ ಸಮಸ್ಯೆಯೇ ಅಲ್ಲ" ಎನ್ನಲು ಈ ಅಂಕಿ ಬಳಕೆಯಾಗುತ್ತದೆ.

ಆದರೆ ಅಂಕಿ ಹುಟ್ಟುವ ಬಗೆ ನೋಡಿ. ಅಪಘಾತವಾದ ಮೇಲೆ ಠಾಣೆಯ ಸಿಬ್ಬಂದಿ ಸ್ಥಳಕ್ಕೆ ಬಂದು, ಕಂಡದ್ದನ್ನು ಕೇಳಿದ್ದನ್ನು ಸೇರಿಸಿ ಒಂದು ಕಾರಣ ಬರೆಯುತ್ತಾರೆ. ಗಾಡಿ ಎಷ್ಟು ನಜ್ಜುಗುಜ್ಜಾಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅತಿವೇಗ ಎಂದು ಬರೆಯುವುದು ಸುಲಭ. ಫೋನ್ ಮಾತ್ರ ಕಿಸೆಗೆ ವಾಪಸ್ ಹೋಗಿರುತ್ತದೆ. ಕರೆ ದಾಖಲೆ ತರಿಸಿದರೂ ವಾಟ್ಸ್ಆ್ಯಪ್ ಕರೆ, ರೀಲ್ಸ್ ನೋಡಿದ್ದು ಅದರಲ್ಲಿ ಕರೆಯಾಗಿ ಬರುವುದಿಲ್ಲ. 2024ರಲ್ಲಿ ಹುಬ್ಬಳ್ಳಿ ಸಮೀಪ ಸಾರಿಗೆ ಬಸ್ಸಿನ ಚಾಲಕ ರೀಲ್ಸ್ ಮಾಡುತ್ತಾ ಎತ್ತಿನ ಗಾಡಿಗೆ ಗುದ್ದಿ, ಎರಡು ಎತ್ತು ಸತ್ತು ರೈತ ಗಾಯಗೊಂಡ ಘಟನೆ ವರದಿಯಾಗಿತ್ತು. ಅಲ್ಲಿ ಫೋನೇ ಕಾರಣ ಎಂದು ಊರಿಗೆಲ್ಲ ಗೊತ್ತಾದದ್ದು ಆ ವಿಡಿಯೋ ಹೊರಬಂದದ್ದರಿಂದ. ವಿಡಿಯೋ ಇಲ್ಲದ ಅಪಘಾತಗಳ ಕಥೆ ಏನು?

ಹಾಗೆಂದು ಎಲ್ಲ ತಪ್ಪನ್ನೂ ಫೋನಿನ ತಲೆಗೆ ಕಟ್ಟುವುದೂ ಬೇಡ. 2021ರ ಜನವರಿ 15ರಂದು ಧಾರವಾಡದ ಇಟಿಗಟ್ಟಿ ಬಳಿ ಬೈಪಾಸಿನಲ್ಲಿ ಟೆಂಪೋ ಟ್ರಾವೆಲರ್‌ಗೂ ಟಿಪ್ಪರಿಗೂ ಡಿಕ್ಕಿಯಾಗಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಹತ್ತಕ್ಕೂ ಹೆಚ್ಚು ಜನ ಸತ್ತರು. ಬಹುತೇಕರು ಮಹಿಳೆಯರು. ಆಗ ಜನ ಬೀದಿಗಿಳಿದು ಕೇಳಿದ್ದು ರಸ್ತೆ ಅಗಲಿಸಿ ಎಂದು. ನಾಲ್ಕು ಪಥದ ಹೆದ್ದಾರಿಯ ನಡುವೆ ಎರಡೇ ಪಥದ ಬೈಪಾಸ್ ಉಳಿಸಿದ್ದರ ಹೊಣೆ ಯಾವ ಚಾಲಕನದೂ ಅಲ್ಲ.

ನಿಷೇಧ ಕೆಲಸ ಮಾಡುತ್ತದೆಯೇ?

ಹಿಡಿಯುವವರು ಇರುವವರೆಗೆ ಮಾಡುತ್ತದೆ. ಅಮೆರಿಕದಲ್ಲಿ ಮೊದಲು ಇಂಥ ಕಾನೂನು ತಂದದ್ದು ನ್ಯೂಯಾರ್ಕ್ ರಾಜ್ಯ, 2001ರಲ್ಲಿ. ಕಾನೂನಿಗೆ ಮುಂಚೆ ರಸ್ತೆಯಲ್ಲಿ ಎಣಿಸಿದಾಗ ಶೇ 2.3 ಚಾಲಕರ ಕೈಯಲ್ಲಿ ಫೋನ್ ಇತ್ತು. ಜಾರಿಯಾದ ಹೊಸದರಲ್ಲಿ ಅದು ಶೇ 1.1ಕ್ಕೆ ಇಳಿಯಿತು. ಒಂದು ವರ್ಷದ ನಂತರ ಮತ್ತೆ ಶೇ 2.1. ಪ್ರಚಾರ ನಿಂತಿತ್ತು, ಬಿಗಿ ತಪಾಸಣೆ ಇರಲಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಈ ಪಾಠ ಕಲಿತಂತೆ 2020ರಿಂದ ಫೋನ್ ಹಿಡಿದ ಕೈಯನ್ನೇ ಗುರುತಿಸುವ ಕ್ಯಾಮೆರಾಗಳಿಂದ ದಂಡ ಹಾಕುತ್ತಿದೆ. ಬ್ರಿಟನ್ 2022ರಲ್ಲಿ ಕಾನೂನು ಬಿಗಿ ಮಾಡಿ, ಫೋಟೋ ತೆಗೆಯುವುದು, ಗೇಮ್ ಆಡುವುದು ಎಲ್ಲವನ್ನೂ ಸೇರಿಸಿತು. ಅದಕ್ಕೆ ಮೊದಲು "ನಾನು ಮಾತಾಡಲಿಲ್ಲ, ವಿಡಿಯೋ ಮಾಡಿದೆ" ಎಂದು ತಪ್ಪಿಸಿಕೊಳ್ಳಲು ದಾರಿ ಇತ್ತು.

ನಮ್ಮಲ್ಲಿ ಆಗುತ್ತಿರುವುದು ಬೇರೆ. ಬಾಕಿ ಸಂಚಾರ ದಂಡಕ್ಕೆ ರಾಜ್ಯ ಸರ್ಕಾರ 2023ರಲ್ಲಿ ಅರ್ಧ ರಿಯಾಯಿತಿ ಕೊಟ್ಟಿತು, 2025ರಲ್ಲಿ ಮತ್ತೆ ಕೊಟ್ಟಿತು. ಬೊಕ್ಕಸಕ್ಕೆ ಹಣ ಬಂತು ನಿಜ. ಜೊತೆಗೆ, ಕಾಯ್ದರೆ ದಂಡವೂ ಸೀರೆಯ ಹಾಗೆ ಆಷಾಢ ಸೇಲಿಗೆ ಬರುತ್ತದೆ ಎಂಬ ತಿಳಿವಳಿಕೆಯೂ ಬಂತು.

ನಮ್ಮ ಅಭಿಪ್ರಾಯ ಕೇಳಿದರೆ, ಎಲ್ಲರಿಗೂ ಹ್ಯಾಂಡ್ಸ್‌ಫ್ರೀ ನಿಷೇಧಿಸುವುದು ಕಾಗದದ ಮೇಲೆ ಚಂದ, ಚೌಕದಲ್ಲಿ ನಿಂತ ಕಾನ್‌ಸ್ಟೆಬಲ್‌ಗೆ ಅದನ್ನು ಹಿಡಿಯಲು ಆಗುವುದಿಲ್ಲ. ಬಸ್ಸು, ಶಾಲಾ ವಾಹನ, ಟಂಟಂ ಓಡಿಸುವವರಿಗೆ ಮಾತ್ರ ಅದು ಬೇಕು, ಏಕೆಂದರೆ ಅಲ್ಲಿ ಪಣಕ್ಕಿರುವುದು ಬೇರೆಯವರ ಜೀವ. ಅಮೆರಿಕದ ಹಲವು ರಾಜ್ಯಗಳು ಶಾಲಾ ಬಸ್ ಚಾಲಕರಿಗೆ ಹ್ಯಾಂಡ್ಸ್‌ಫ್ರೀಯನ್ನೂ ಬಿಟ್ಟಿಲ್ಲ. ಇನ್ನು ಊಟ, ಪಾರ್ಸೆಲ್ ತಲುಪಿಸುವ ಹುಡುಗರ ವಿಷಯ ಬಂದಾಗ ದಂಡ ಹಾಕಿ ಸುಮ್ಮನಾಗುವುದು ಅನ್ಯಾಯ. ಅವರ ಕೆಲಸವೇ ಫೋನಿನೊಳಗಿದೆ. ಗಾಡಿ ಓಡುತ್ತಿರುವಾಗಲೇ ಹೊಸ ಆರ್ಡರ್ ತೋರಿಸಿ, ಬೇಗ ಒಪ್ಪಿಕೊಳ್ಳಿ ಎನ್ನುವ ಆ್ಯಪ್‌ಗೆ ಗಾಡಿ ಓಡುತ್ತಿದೆ ಎಂದು ಗೊತ್ತಿರುತ್ತದೆ. ನಿಂತ ಮೇಲೆ ತೋರಿಸು ಎಂದು ನಿಯಮ ಮಾಡಬೇಕಾದದ್ದು ಸರ್ಕಾರ.

ಅಪಘಾತವಾದರೆ ದಂಡ ಮಾತ್ರವೇ?

ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಅಜಾಗರೂಕ ಚಾಲನೆಗೆ, 106ನೇ ಕಲಂ ನಿರ್ಲಕ್ಷ್ಯದಿಂದ ಸಾವು ತಂದದ್ದಕ್ಕೆ. ಎರಡನೆಯದಕ್ಕೆ 5 ವರ್ಷದವರೆಗೆ ಜೈಲು. ಈ ಕಲಂಗಳಲ್ಲಿ "ಕೈಯಲ್ಲಿ ಹಿಡಿದ" ಎಂಬ ಮಾತೇ ಇಲ್ಲ. ಕಿವಿಯಲ್ಲಿ ಬ್ಲೂಟೂತ್ ಇತ್ತು ಎಂಬುದು ಅಲ್ಲಿ ರಕ್ಷಣೆಯಾಗುವುದಿಲ್ಲ, ನಿರ್ಲಕ್ಷ್ಯಕ್ಕೆ ಸಾಕ್ಷಿಯೂ ಆಗಬಹುದು.

ಕರೆ ಮಾಡುವವರ ಕೈಯಲ್ಲಿ ಏನಿದೆ?

"ಗಾಡಿ ಮ್ಯಾಲ ಅದೀನಿ, ಹೇಳ್ರಿ" ಎಂಬ ಉತ್ತರ ಬಂದರೆ ಏನೂ ಹೇಳದೆ ಇಟ್ಟುಬಿಡಿ. ಅರ್ಧ ತಾಸು ಬಿಟ್ಟು ಮಾಡಿದರಾಯಿತು.

ಓಡಿಸುವವರು ನೀವೇ ಆದರೆ ಫೋನಿನಲ್ಲೇ ಒಂದು ವ್ಯವಸ್ಥೆ ಇದೆ. ಐಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಫೋಕಸ್, ಅದರಲ್ಲಿ ಡ್ರೈವಿಂಗ್. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಜಾಗದಲ್ಲಿ ಡ್ರೈವಿಂಗ್ ಎಂದು ಬರೆದರೆ ಸಿಗುತ್ತದೆ, ಇಲ್ಲದಿದ್ದರೆ ಡು ನಾಟ್ ಡಿಸ್ಟರ್ಬ್ ಸಾಕು. ಆಸ್ಪತ್ರೆಯ ತುರ್ತು ಕರೆ ತಪ್ಪಿಹೋದರೆ ಎಂಬ ಭಯ ಇದ್ದರೆ, ಮನೆಯವರ ನಂಬರುಗಳಿಗೆ ವಿನಾಯಿತಿ ಕೊಡಬಹುದು. ಮರುಕರೆಯ ಆಯ್ಕೆ ಆನ್ ಮಾಡಿಟ್ಟರೆ ಒಬ್ಬರೇ ಬೆನ್ನುಬೆನ್ನಿಗೆ ಎರಡು ಸಲ ಮಾಡಿದಾಗ ಎರಡನೆಯದು ರಿಂಗ್ ಆಗುತ್ತದೆ. ಆಗ ಗಾಡಿ ಬದಿಗೆ ನಿಲ್ಲಿಸಿ ಎತ್ತಿ.