ಎಲೆಯ ಲೆಕ್ಕ

ನಮ್ಮ ಕಡೆ ಮದುವೆ ಊಟದ ಗಾತ್ರವನ್ನು ಎಲೆಯಲ್ಲಿ ಹೇಳುವುದು ರೂಢಿ. ‘ಮೊದಲ ಪಂಕ್ತಿಗೇ ಮುನ್ನೂರು ಎಲೆ, ಒಟ್ಟು ಸಾವಿರದ ಮೇಲೆ’ ಎಂದರೆ ಅಡುಗೆಯವರ ಲೆಕ್ಕ ಚುಕ್ತಾ ಆಯಿತು, ಮನೆಯವರ ಮರ್ಯಾದೆಯೂ ಉಳಿಯಿತು. ಯಾರ ಎಲೆಗೆ ತುಪ್ಪ ಎರಡನೇ ಸಲ ಬಂತು, ಯಾರನ್ನು ಹಿತ್ತಿಲ ಕಡೆ ಕೂರಿಸಿದರು ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಅದಕ್ಕೆ ಬೇರೆಯೇ ಪದವಿದೆ: ಪಂಕ್ತಿಭೇದ.

ದೊಡ್ಡ ಕಂಪನಿಗಳಲ್ಲಿ ಡಿಇಐ ಎಂಬ ಮೂರಕ್ಷರದಲ್ಲಿ ಓಡಾಡುವ ವೈವಿಧ್ಯ, ಸಮತೆ, ಒಳಗೊಳ್ಳುವಿಕೆಗಳನ್ನು ನಾನು ಅರ್ಥ ಮಾಡಿಕೊಂಡದ್ದು ಈ ಪಂಕ್ತಿಯಿಂದಲೇ. ಎಷ್ಟು ಬಗೆಯ ಜನರಿಗೆ ಎಲೆ ಹಾಕಿದ್ದಾರೆ ಎನ್ನುವುದು ವೈವಿಧ್ಯ. ಮಂಡಿನೋವಿನ ಅಜ್ಜಿಗೆ ಕೆಳಗೆ ಕೂರಲಾಗದು ಎಂದು ಮೇಜು ಹಾಕಿಕೊಟ್ಟರೆ ಅದು ಸಮತೆ. ಉಂಡವರು ‘ನಾವೂ ಬೇಕಾದವರೇ’ ಅಂದುಕೊಂಡು ಏಳುವಂತಿದ್ದರೆ ಒಳಗೊಳ್ಳುವಿಕೆ. ಎಲೆ ಎಣಿಸುವುದು ಸುಲಭ. ಕಂಪನಿಗಳು ಅದನ್ನೇ ಹೆಚ್ಚಾಗಿ ಮಾಡುತ್ತವೆ.

ಪದಗಳು ಅಮೆರಿಕದವು, ಜಗಳ ಮಾತ್ರ ನಮ್ಮಲ್ಲೂ ಹಳೆಯದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರಿನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದಾಗ ಮುಂದಿದ್ದ ಪ್ರಶ್ನೆ ಇದೇ: ಸರ್ಕಾರಿ ಕುರ್ಚಿಗಳೆಲ್ಲ ಒಂದೇ ಸಮುದಾಯದ ಕೈಯಲ್ಲಿ ಏಕಿವೆ? ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಪಾಲಾದರೂ ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದಿತು ಸಮಿತಿ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದಕ್ಕೆ ಈ ವಿಷಯದಲ್ಲಿದ್ದ ಭಿನ್ನಾಭಿಪ್ರಾಯವೂ ಒಂದು ಕಾರಣ. ದಕ್ಷತೆ ಮೊದಲೋ ಪ್ರಾತಿನಿಧ್ಯ ಮೊದಲೋ ಎಂಬ ಆಗಿನ ವಾದ ಇವತ್ತು ‘ಮೆರಿಟ್’ ಎಂಬ ಹೆಸರಿನಲ್ಲಿ ಕಾನ್ಫರೆನ್ಸ್ ರೂಮಿನಲ್ಲಿ ಕೂತಿದೆ, ಅಷ್ಟೇ. ಸಂವಿಧಾನದ 16(4)ನೇ ವಿಧಿ, 1975ರ ಹಾವನೂರು ವರದಿ, 1990ರ ಮಂಡಲ್ ಘೋಷಣೆ ಎಲ್ಲವೂ ಆ ಮೈಸೂರು ಪ್ರಶ್ನೆಯ ಮುಂದುವರಿಕೆ. ಉದ್ಯೋಗದ ಮಟ್ಟಿಗೆ ಎಲ್ಲವೂ ಖಾಸಗಿ ಕಂಪನಿಯ ಗೇಟಿನ ಹೊರಗೇ ನಿಂತವು.

ಗೇಟಿನೊಳಗಿನ ಕಥೆ ಅಮೆರಿಕದಲ್ಲಿ ಶುರುವಾಗುತ್ತದೆ. ಅಲ್ಲಿನ 1964ರ ನಾಗರಿಕ ಹಕ್ಕು ಕಾಯ್ದೆ ಜನಾಂಗ, ಲಿಂಗ, ಧರ್ಮದ ನೆಪದಲ್ಲಿ ಕೆಲಸ ನಿರಾಕರಿಸುವುದನ್ನು ನಿಷೇಧಿಸಿತು. ಮರುವರ್ಷ ಅಧ್ಯಕ್ಷ ಜಾನ್ಸನ್ ಆದೇಶ ಹೊರಡಿಸಿ, ಸರ್ಕಾರದ ಗುತ್ತಿಗೆ ಪಡೆಯುವ ಕಂಪನಿಗಳು ತಾವಾಗಿಯೇ ಮುಂದೆ ಬಂದು ಅವಕಾಶ ತೆರೆಯಬೇಕು ಎಂದರು. ನನ್ನ ಪ್ರಕಾರ ‘ಸಮತೆ’ಯ ನಿಜವಾದ ಹುಟ್ಟು 1971ರ ಗ್ರಿಗ್ಸ್ ಪ್ರಕರಣದಲ್ಲಿ. ನಾರ್ತ್ ಕ್ಯಾರೊಲಿನಾದ ಡ್ಯೂಕ್ ಪವರ್ ಕಂಪನಿ ಕಪ್ಪು ಜನರನ್ನು ಕೂಲಿ ವಿಭಾಗಕ್ಕೆ ಸೀಮಿತಗೊಳಿಸಿತ್ತು. ಕಾನೂನು ಬಂದ ಮೇಲೆ ಬೇರೆ ವಿಭಾಗಗಳಿಗೆ ಹೈಸ್ಕೂಲ್ ಸರ್ಟಿಫಿಕೇಟು, ಬುದ್ಧಿಮತ್ತೆಯ ಪರೀಕ್ಷೆ ಎಂದು ಷರತ್ತು ಹಾಕಿತು. ಷರತ್ತು ಎಲ್ಲರಿಗೂ ಒಂದೇ. ಆದರೆ ಕೆಲಸಕ್ಕೂ ಪರೀಕ್ಷೆಗೂ ಸಂಬಂಧವಿಲ್ಲದೆ ಒಂದು ಗುಂಪಷ್ಟೇ ಹೊರಗುಳಿಯುವುದಾದರೆ ಅಂಥ ಪರೀಕ್ಷೆ ಸಲ್ಲದು ಎಂದಿತು ಅಲ್ಲಿನ ಸುಪ್ರೀಂ ಕೋರ್ಟ್.

ಆಮೇಲೆ ಮಾತಿನ ಧಾಟಿ ಬದಲಾಯಿತು. 1978ರ ಬಕ್ಕಿ ತೀರ್ಪಿನಲ್ಲಿ ನ್ಯಾಯಮೂರ್ತಿ ಪೊವೆಲ್ ‘ವೈವಿಧ್ಯ’ವನ್ನು ಒಪ್ಪಬಹುದಾದ ಗುರಿ ಎಂದರು. 1990ರಲ್ಲಿ ರೂಸ್‌ವೆಲ್ಟ್ ಥಾಮಸ್ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ದಲ್ಲಿ ಬರೆದ ಲೇಖನ ಅದನ್ನು ಮ್ಯಾನೇಜ್‌ಮೆಂಟಿನ ವಿಷಯ ಮಾಡಿತು. ಹಳೆಯ ಅನ್ಯಾಯ ತಿದ್ದುವ ಮಾತು ಹೋಗಿ ವ್ಯಾಪಾರಕ್ಕೆ ಒಳ್ಳೆಯದು ಎಂಬ ಮಾತು ಬಂತು. ಲಾಭಕ್ಕಾಗಿ ಕರೆದ ಅತಿಥಿಯನ್ನು ನಷ್ಟದ ವರ್ಷದಲ್ಲಿ ಎಬ್ಬಿಸಿ ಕಳಿಸುವುದು ಕಷ್ಟವಲ್ಲ. ವೈವಿಧ್ಯದ ಹೆಸರಿನಲ್ಲಿ ಕಂಪನಿಗಳು ನಡೆಸಿದ ತರಬೇತಿಗಳಿಂದ ಏನಾಯಿತು ಎಂದು ಸಮಾಜಶಾಸ್ತ್ರಜ್ಞರಾದ ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಲೇವ್ ವರ್ಷಗಟ್ಟಲೆ ಕಂಪನಿಗಳ ಅಂಕಿಅಂಶ ನೋಡಿದರು. ಕಡ್ಡಾಯ ತರಬೇತಿ ಬಹಳ ಕಡೆ ತಿರುಗುಬಾಣವಾಗಿತ್ತು. ಹಿರಿಯರೊಬ್ಬರು ಕಿರಿಯರ ಕೈಹಿಡಿದು ನಡೆಸುವುದು, ಫಲಿತಾಂಶಕ್ಕೆ ಒಬ್ಬರನ್ನು ಹೊಣೆ ಮಾಡುವುದು ಹೆಚ್ಚು ಕೆಲಸ ಮಾಡಿತ್ತು.

ನಮ್ಮಲ್ಲಿ ಮೊದಲು ಗೇಟು ತಟ್ಟಿದವರು ಹೆಂಗಸರು. 1974ರಲ್ಲಿ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದುತ್ತಿದ್ದ ಸುಧಾ ಕುಲಕರ್ಣಿ ಎಂಬ ಹುಡುಗಿ ನೋಟಿಸ್ ಬೋರ್ಡಿನಲ್ಲಿ ಟೆಲ್ಕೊ ಕಂಪನಿಯ ಜಾಹೀರಾತು ನೋಡಿದಳು. ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದು ಅದರಲ್ಲೇ ಬರೆದಿತ್ತು. ಸಿಟ್ಟಿನಲ್ಲಿ ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್ ಕಾರ್ಡ್ ಹಾಕಿದಳು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಮುಂದೆ ಸುಧಾ ಮೂರ್ತಿಯಾದ ಅವರ ಈ ಕಥೆ ನಮ್ಮಲ್ಲಿ ಎಷ್ಟೋ ವೇದಿಕೆಗಳಲ್ಲಿ ಕೇಳಿದ್ದೇ. ಅದರಲ್ಲಿ ನನಗೆ ಹಿಡಿಸುವುದು ಒಂದು ಸಣ್ಣ ವಿವರ: ತಡೆ ಇದ್ದದ್ದು ಯಾರದೋ ಮನಸ್ಸಿನಲ್ಲಲ್ಲ, ಅಚ್ಚಾದ ಅಕ್ಷರದಲ್ಲಿ. ಅಚ್ಚಾದದ್ದನ್ನು ಪ್ರಶ್ನಿಸಬಹುದು. ಸಮಾನ ವೇತನ ಕಾಯ್ದೆ ಬಂದದ್ದು ಅದಾದ ಎರಡು ವರ್ಷಕ್ಕೆ, 1976ರಲ್ಲಿ. ಏರ್ ಇಂಡಿಯಾದ ಗಗನಸಖಿಯರನ್ನು ಮೊದಲ ಬಸಿರಿಗೇ ಕೆಲಸದಿಂದ ಬಿಡಿಸುವ ನಿಯಮವೂ ಅಚ್ಚಿನಲ್ಲೇ ಇತ್ತು. 1981ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು.

ಬೆಂಗಳೂರಿನಲ್ಲಿ ಆ ಹೊತ್ತಿಗಾಗಲೇ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಜೋಡಣೆ ಸಾಲಿನಲ್ಲಿ ಹೆಂಗಸರು ಕೂತಿದ್ದರು. ಮುಂದೆ ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಬಂದವು. ಎಲೆಯ ಲೆಕ್ಕದಲ್ಲಿ ಇವನ್ನು ಮೀರಿಸುವ ಉದ್ಯಮವಿಲ್ಲ: ಟೈಲರ್, ಹೆಲ್ಪರ್ ಬಹುಪಾಲು ಹೆಂಗಸರೇ. ಅವರ ಬೆನ್ನ ಹಿಂದೆ ನಿಂತು ಪ್ರೊಡಕ್ಷನ್ ಕೂಗುವ ಸೂಪರ್‌ವೈಸರ್, ಫ್ಲೋರ್ ಇನ್‌ಚಾರ್ಜ್ ಮಾತ್ರ ಸಾಮಾನ್ಯವಾಗಿ ಗಂಡಸರು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಿಸಿದಾಗ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಯಾವ ನಾಯಕರನ್ನೂ ಕಾಯದೆ ರಸ್ತೆಗಿಳಿದರು. ಕೇಂದ್ರ ಸರ್ಕಾರ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಡಿಇಐ ಸಮ್ಮೇಳನಗಳ ಸ್ಲೈಡುಗಳಲ್ಲಿ ಈ ಹೆಂಗಸರು ಕಾಣುವುದು ಅಪರೂಪ.

ಐಟಿ ಬಂದಾಗ ಪ್ರಶ್ನೆ ರಾತ್ರಿಪಾಳಿಯದಾಯಿತು. ಕಾರ್ಖಾನೆ ಕಾಯ್ದೆಯಲ್ಲೂ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೂ ಹೆಂಗಸರ ರಾತ್ರಿ ದುಡಿಮೆಗೆ ತಡೆ ಇತ್ತು. ಅಮೆರಿಕದ ಹಗಲಿಗೆ ಇಲ್ಲಿ ದುಡಿಯುವ ಕಂಪನಿಗಳಿಗೆ ಷರತ್ತಿನ ವಿನಾಯಿತಿ ಸಿಕ್ಕಿತು. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು ರಾತ್ರಿಪಾಳಿಗೆ ಕರೆದೊಯ್ಯಲು ಬಂದ ಕ್ಯಾಬ್ ಚಾಲಕನೇ ಅತ್ಯಾಚಾರ ಮಾಡಿ ಕೊಂದ. ಆಮೇಲೆ ನಗರದ ಕ್ಯಾಬುಗಳಲ್ಲಿ ಒಂದು ಹೊಸ ಪಾಠ ರೂಢಿಗೆ ಬಂತು: ಹೆಂಗಸರನ್ನು ಮೊದಲು ಹತ್ತಿಸಬಾರದು, ಕೊನೆಗೆ ಇಳಿಸಬಾರದು, ಇಲ್ಲವೇ ಜತೆಗೆ ಸೆಕ್ಯುರಿಟಿ ಇರಬೇಕು. ಬೆಳಗಿನ ಜಾವ ಮೂರಕ್ಕೆ ಮಾರತ್ತಹಳ್ಳಿ ಕಡೆ ಇಂಥ ಕ್ಯಾಬಿನ ಮುಂದಿನ ಸೀಟಿನಲ್ಲಿ ತೂಕಡಿಸುವ ಗಾರ್ಡನ್ನು ನೋಡಿದರೆ, ಈ ಕ್ಷೇತ್ರದ ಎಷ್ಟೋ ನಿಯಮಗಳ ಹಿಂದೆ ಒಂದೊಂದು ಹೆಣವಿದೆ ಅನ್ನಿಸುತ್ತದೆ. ಲೈಂಗಿಕ ಕಿರುಕುಳದ ಕಾನೂನೂ ಹಾಗೆಯೇ ನೋವಿನಿಂದ ಬಂದದ್ದು. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಸರ್ಕಾರಿ ಯೋಜನೆಯ ಕಾರ್ಯಕರ್ತೆ ಭಂವರಿ ದೇವಿಯ ಮೇಲೆ 1992ರಲ್ಲಿ ಅತ್ಯಾಚಾರ ನಡೆಯಿತು; ಅದರ ಬೆನ್ನಿಗೆ 1997ರಲ್ಲಿ ವಿಶಾಖಾ ಮಾರ್ಗಸೂಚಿ, 2013ರಲ್ಲಿ ಪೋಷ್ ಕಾಯ್ದೆ. ಹತ್ತು ಜನರಿರುವ ಸಂಸ್ಥೆಯಲ್ಲೂ ಹಿರಿಯ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ, ಅದರಲ್ಲಿ ಹೊರಗಿನವರೊಬ್ಬರು ಇರಲೇಬೇಕು. ಹಳ್ಳಿಯ ಹೆಂಗಸೊಬ್ಬಳು ಪಟ್ಟ ಪಾಡು ಹವಾನಿಯಂತ್ರಿತ ಕಚೇರಿಗಳಿಗೆ ನೆರಳಾಯಿತು ಎಂಬುದನ್ನು ಪೋಷ್ ತರಬೇತಿ ಕೊಡುವವರು ಒಂದು ಮಾತಲ್ಲಾದರೂ ಹೇಳಬಹುದಿತ್ತು.

2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ಒಳ್ಳೆಯದೇ. ಇಎಸ್‌ಐ ವ್ಯಾಪ್ತಿಯ ಹೊರಗಿರುವವರ ರಜೆಯ ಸಂಬಳವನ್ನು ಮಾತ್ರ ಪೂರ್ತಿ ಮಾಲೀಕನೇ ಭರಿಸಬೇಕು. ಹಾಗಾಗಿ ಸಂದರ್ಶನದಲ್ಲಿ ‘ಮದುವೆ ಯಾವಾಗಮ್ಮ?’ ಎಂಬ ಪ್ರಶ್ನೆ ಬಾಯಿಂದ ಹೋಗಿ ಮನಸ್ಸಿಗೆ ಇಳಿಯಿತು. ಈಗ ಅದು ಯಾವ ಜಾಹೀರಾತಿನಲ್ಲೂ ಅಚ್ಚಾಗುವುದಿಲ್ಲ. ಯಾರಿಗೆ ಪೋಸ್ಟ್ ಕಾರ್ಡ್ ಹಾಕುವುದು?

ಅಂಗವಿಕಲರ ವಿಷಯದಲ್ಲಿ ಬೆಂಗಳೂರು ಕಾನೂನಿಗಿಂತ ಮುಂದಿತ್ತು. ಎನ್.ಎಸ್. ಹೇಮಾ ಇಲ್ಲಿ ಎಪಿಡಿ ಸಂಸ್ಥೆ ಕಟ್ಟಿದ್ದು 1959ರಲ್ಲಿ. 1999ರಲ್ಲಿ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ಎನೇಬಲ್ ಇಂಡಿಯಾ ಶುರುಮಾಡಿದರು. ಶಾಂತಿಯವರ ತಮ್ಮನೇ ದೃಷ್ಟಿ ಕಳೆದುಕೊಂಡಿದ್ದ. ಸ್ಕ್ರೀನ್ ರೀಡರ್ ಕೇಳಿಸಿಕೊಂಡು ಕಂಪ್ಯೂಟರ್ ಕೆಲಸ ಮಾಡುವುದು ಸಾಧ್ಯ ಎಂದು ಎಚ್‌ಆರ್‌ನವರಿಗೆ ಒಪ್ಪಿಸುವುದೇ ಆಗ ಅರ್ಧ ಕೆಲಸ. 2016ರ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಹಿಗ್ಗಿಸಿ, ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು ಎಂದಿತು. ವೈಟ್‌ಫೀಲ್ಡ್ ಕಡೆಯ ಒಂದು ಕಚೇರಿಯಲ್ಲಿ ಗ್ರಾನೈಟ್ ಹಾಸಿನ, ಸ್ಟೀಲ್ ಕಂಬಿಯ ಚೆಂದದ ರ‍್ಯಾಂಪ್ ನೋಡಿದ್ದೇನೆ. ಅದು ಹೋಗಿ ಮುಟ್ಟುವುದು ನಮ್ಮ ಕಡೆಗೇ ಎಳೆಯಬೇಕಾದ ಭಾರದ ಗಾಜಿನ ಬಾಗಿಲಿಗೆ. ಗಾಲಿಕುರ್ಚಿಯವರು ಇಳಿಜಾರಿನಲ್ಲಿ ಗಾಲಿ ಹಿಡಿಯಬೇಕೋ ಬಾಗಿಲು ಎಳೆಯಬೇಕೋ? ‘ಸೆಕ್ಯುರಿಟಿ ಇರ್ತಾರಲ್ಲ ಸಾರ್, ತೆಗೀತಾರೆ’ ಎಂದರು ಕಚೇರಿಯವರು. ಊಟದ ಹೊತ್ತಿಗೆ ಆತನೂ ಊಟಕ್ಕೆ ಹೋಗಿರುತ್ತಾನೆ.

ಲಿಂಗತ್ವ ಅಲ್ಪಸಂಖ್ಯಾತರ ವಿಷಯಕ್ಕೆ 2014ರ ನಾಲ್ಸಾ ತೀರ್ಪು ಮತ್ತು 377ನೇ ಕಲಮು ಕುರಿತ 2018ರ ತೀರ್ಪು ದಾರಿ ತೆರೆದವು. 2021ರಲ್ಲಿ ಕರ್ನಾಟಕ ಸರ್ಕಾರಿ ಕೆಲಸಗಳಲ್ಲಿ ಶೇ 1ರ ಮೀಸಲಾತಿ ಕೊಟ್ಟಿತು. ಕೊಚ್ಚಿ ಮೆಟ್ರೊ 2017ರಲ್ಲಿ 23 ಮಂದಿಗೆ ಕೆಲಸ ಕೊಟ್ಟಾಗ ಕೆಲವರು ವಾರದೊಳಗೇ ಬಿಟ್ಟರು. ಕಾರಣ ಕೆಲಸವಲ್ಲ: ಬಾಡಿಗೆಗೆ ಮನೆ ಸಿಗಲಿಲ್ಲ.

ಇನ್ನು ಜಾತಿ. 2004ರಲ್ಲಿ ಯುಪಿಎ ಸರ್ಕಾರ ಖಾಸಗಿ ಮೀಸಲಾತಿಯ ಮಾತೆತ್ತಿದಾಗ ಉದ್ಯಮ ಬೆಚ್ಚಿತು, 2006ರಲ್ಲಿ ಜೆ.ಜೆ. ಇರಾನಿ ನೇತೃತ್ವದ ಸಮಿತಿಯ ಮೂಲಕ ‘ಸ್ವಯಂಪ್ರೇರಿತ’ ಸಂಹಿತೆಯೊಂದನ್ನು ಮುಂದಿಟ್ಟು ಪಾರಾಯಿತು. ಮರುವರ್ಷವೇ ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ತಮ್ಮ ಪ್ರಯೋಗ ಪ್ರಕಟಿಸಿದರು. 548 ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿಗಳು. ಓದು ಒಂದೇ ಮಟ್ಟದ್ದು, ಬದಲಾಗಿದ್ದು ಹೆಸರು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಅದೇ ವರ್ಷ ಸಂಶೋಧಕಿ ಕ್ಯಾರಲ್ ಉಪಾಧ್ಯ, ಬೆಂಗಳೂರಿನ ಐಟಿಯವರು ಬಹುತೇಕ ನಗರದ, ಮಧ್ಯಮವರ್ಗದ, ಮೇಲ್ಜಾತಿಯ ಮನೆಗಳಿಂದ ಬಂದವರೆಂದು ಬರೆದರು. 2012ರ ಅಧ್ಯಯನವೊಂದು ಸಾವಿರ ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಗಳಲ್ಲಿ ಶೇ 93ರಷ್ಟು ಮೇಲ್ಜಾತಿಯವರನ್ನು ಕಂಡಿತು. 2020ರಲ್ಲಿ ಸಿಸ್ಕೊ ಕಂಪನಿಯಲ್ಲಿ ಜಾತಿ ತಾರತಮ್ಯ ನಡೆದಿದೆ ಎಂದು ಕ್ಯಾಲಿಫೋರ್ನಿಯಾದ ನಾಗರಿಕ ಹಕ್ಕು ಇಲಾಖೆ ದಾವೆ ಹೂಡಿತು. ಕಂಪನಿ ಅಲ್ಲಗಳೆಯಿತು, ಇಬ್ಬರು ಎಂಜಿನಿಯರುಗಳ ಮೇಲಿನ ಆರೋಪಗಳನ್ನು 2023ರಲ್ಲಿ ಇಲಾಖೆಯೇ ಕೈಬಿಟ್ಟಿತು. ಆದರೂ ನಮ್ಮ ಕಂಪನಿಗಳು ಉಚ್ಚರಿಸದ ಪದ ಅಮೆರಿಕದ ಕೋರ್ಟಿನಲ್ಲಿ ದಾಖಲಾಯಿತು. ಸೆಬಿ ದೊಡ್ಡ ಸಾವಿರ ಕಂಪನಿಗಳಿಂದ ವರ್ಷಕ್ಕೊಮ್ಮೆ ಬರೆಸಿಕೊಳ್ಳುವ ಹೊಣೆಗಾರಿಕೆ ವರದಿಯಲ್ಲಿ ಸಿಬ್ಬಂದಿಯ ಪೈಕಿ ಮಹಿಳೆಯರೆಷ್ಟು, ಅಂಗವಿಕಲರೆಷ್ಟು ಎಂಬ ಕಾಲಂಗಳಿವೆ. ಜಾತಿಯ ಕಾಲಂ ಇಲ್ಲ.

ಭಾಷೆಯದೂ ಇಲ್ಲ. 1986ರಲ್ಲಿ ಸರೋಜಿನಿ ಮಹಿಷಿ ಅವರ ಸಮಿತಿ ಕನ್ನಡಿಗರ ಉದ್ಯೋಗದ ಬಗ್ಗೆ ವರದಿ ಕೊಟ್ಟಾಗಿನಿಂದ ಈ ಬೇಡಿಕೆ ಎದ್ದು ಕೂತು ಮಾಡುತ್ತಿದೆ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿ, ಉದ್ಯಮಿಗಳ ಗದ್ದಲಕ್ಕೆ ಎರಡೇ ದಿನದಲ್ಲಿ ತಡೆಹಿಡಿಯಿತು. ಕೋಟಾ ಒಳ್ಳೆಯ ಮದ್ದೆಂದು ನನಗೂ ಖಾತ್ರಿಯಿಲ್ಲ. ಆದರೆ ಟೆಕ್‌ಪಾರ್ಕಿನಲ್ಲಿ ಕನ್ನಡ ಹೆಚ್ಚು ಕೇಳಿಸುವುದು ಗೇಟಿನಲ್ಲಿ, ಪಾರ್ಕಿಂಗಿನಲ್ಲಿ, ಹೌಸ್‌ಕೀಪಿಂಗಿನವರ ನಡುವೆ. ಲಿಫ್ಟು ಮೇಲೇರಿದಂತೆ ಅದು ಇಳಿಯುತ್ತದೆ. ಇದನ್ನು ವೈವಿಧ್ಯದ ಪ್ರಶ್ನೆಯೆಂದು ಕಂಪನಿಗಳು ಎಣಿಸಿದ್ದೇ ಇಲ್ಲ.

2025ರ ಜನವರಿಯಲ್ಲಿ ಟ್ರಂಪ್ ಜಾನ್ಸನ್‌ರ 1965ರ ಆದೇಶವನ್ನೇ ರದ್ದುಮಾಡಿದರು. ಮೆಟಾದಂಥ ಕಂಪನಿಗಳು ಆ ತಿಂಗಳಲ್ಲೇ ಡಿಇಐ ಕಾರ್ಯಕ್ರಮಗಳನ್ನು ಮುಚ್ಚಿದವು. ಬೆಂಗಳೂರಿನ ಅವರ ಕಚೇರಿಗಳ ಗತಿಯೇನು ಎಂದು ಕೇಳಿದವರಿಗೆ ನನ್ನ ಉತ್ತರ ಇಷ್ಟೇ: ಗಿರಾಕಿಯ ಇಮೇಲಿನಿಂದ ಬಂದದ್ದು ಇಮೇಲಿನಲ್ಲೇ ಹೋಗುತ್ತದೆ. ಪೋಷ್ ಸಮಿತಿ, ಶಿಶುಪಾಲನಾ ಕೇಂದ್ರ, ರ‍್ಯಾಂಪ್ ಇವು ಇಲ್ಲಿನ ಕಾನೂನಿನಿಂದ ಬಂದವು.

ಅದೇ ವರ್ಷ ಅಕ್ಟೋಬರ್‌ನಲ್ಲಿ ನಮ್ಮ ಸಂಪುಟ, ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿತು. ಗಾರ್ಮೆಂಟ್ಸ್ ಹೆಂಗಸರಿಗೂ ಅನ್ವಯ. ಪೀಣ್ಯದ ಹೊಲಿಗೆ ಸಾಲಿನಲ್ಲಿ ಗಂಟೆಗಿಷ್ಟು ಪೀಸ್ ಎಂದು ಬೋರ್ಡಿನ ಮೇಲೆ ಬರೆದಿರುತ್ತದೆ. ಒಬ್ಬಳು ಕಾಲರ್ ಕೂರಿಸಿದರೆ ಪಕ್ಕದವಳು ತೋಳು. ರಜೆ ಕೇಳಲು ಹೋಗಬೇಕಾದದ್ದು ಅದೇ ಸೂಪರ್‌ವೈಸರ್ ಹತ್ತಿರ. ರಜೆ ಸಿಕ್ಕಿತೆನ್ನಿ. ಅವಳ ಮಷಿನ್ ಮುಂದೆ ಅವತ್ತು ಯಾರು ಕೂರುತ್ತಾರೆ, ಬೋರ್ಡಿನ ಮೇಲಿನ ಅಂಕಿಯನ್ನು ಅವತ್ತಿನ ಮಟ್ಟಿಗಾದರೂ ಯಾರು ಅಳಿಸಿ ಬರೆಯುತ್ತಾರೆ?